ಹನ್ನೊಂದು ನೀಲಿ, ಒಂದು ಹಳದಿ

ನನ್ನ ಗಂಡನಿಗೆ ಆಗುತ್ತಿದ್ದ ಅನ್ಯಾಯವನ್ನು ಮೊದಲು ಕಂಡುಹಿಡಿದವಳು ನಾನೇ. ಅದಕ್ಕೆ ಬೇಕಾದ ವಿದ್ಯಾರ್ಹತೆಯೂ ನನಗಿತ್ತು. ಲಿಂಗಸುಗೂರಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು ನಾನು. ಗುಂಪಿನಿಂದ ಬೇರೆಯಾಗಿ ನಿಂತದ್ದು ತಟ್ಟನೆ ಕಣ್ಣಿಗೆ ಬೀಳುತ್ತದೆ.

ಇವರು, ಅಂದರೆ ಬಸವರಾಜ, ವೃತ್ತಿಪರ ವಾಲಿಬಾಲ್ ಆಟಗಾರರು. ಹೊರಗಿನ ತಂಡವೊಂದಕ್ಕೆ ವರ್ಷದ ಕರಾರಿನ ಮೇಲೆ ಆಡುತ್ತಾರೆ. ಮದುವೆಯಾದ ಹೊಸತರಲ್ಲಿ ಅತ್ತೆ ಗೋಡೆಗೆ ಹಾಕಿದ್ದ ತಂಡದ ಫೋಟೊ ನೋಡಿದೆ. ಹನ್ನೊಂದು ಜನರಿಗೆ ನೀಲಿ ಅಂಗಿ. ತುದಿಯಲ್ಲಿ, ಎಲ್ಲರಿಗಿಂತ ಗಿಡ್ಡಗೆ ನಿಂತಿದ್ದ ನನ್ನ ಗಂಡನಿಗೆ ಮಾತ್ರ ಹಳದಿ!

"ನಿಮಗ್ಯಾಕ ಬ್ಯಾರೆ ಬಣ್ಣ ಕೊಟ್ಟಾರ?" ಎಂದೆ.

"ನನ್ನ ಕೆಲಸನ ಬ್ಯಾರೆ," ಎಂದು ನಕ್ಕರು.

ಆ ನಗುವಿನ ಹಿಂದಿನ ನೋವು ನನಗೆ ಸ್ಪಷ್ಟವಾಗಿ ಕಂಡಿತು. ನೀಲಿ ಬಟ್ಟೆ ಸಾಲದೆ ಬಂದಿರಬೇಕು. ಬಾಯಿಲ್ಲದ ಮನುಷ್ಯ ಎಂದು ಇವರಿಗೆ ಯಾವುದೋ ತುಂಡಿನಲ್ಲಿ ಹೊಲಿಸಿ ಕೊಟ್ಟಿರಬೇಕು. ಮತ್ತೆ ಕೇಳಲಿಲ್ಲ. ಇನ್ನೊಬ್ಬರ ದುಃಖವನ್ನು ಕೆದಕುವುದು ನನ್ನ ಸ್ವಭಾವವಲ್ಲ. ಕೆದಕಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಇವರ ತಂಡ ಸಿಂಧನೂರಿಗೆ ಒಂದು ಪಂದ್ಯ ಆಡಲು ಬಂತು. ಮೊಣಕಾಲು ನೋವಿನಿಂದ ಇವರು ಬಹಳ ದಿನ ಮನೆಯಲ್ಲಿದ್ದರು, ಕರಾರೂ ಮುಗಿಯುತ್ತ ಬಂದಿತ್ತು. ಈ ಆಟ ನೋಡಿಯೇ ಮುಂದಿನ ವರ್ಷ ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನ ಎಂದು ಕೋಚ್ ಹೇಳಿಬಿಟ್ಟಿದ್ದರು. ಅಂಥ ದಿನ ನನ್ನ ಗಂಡ ತಮ್ಮ ಸೀಮೆಯ ಜನರ ಮುಂದೆ ಒಂಟಿ ಹಳದಿಯಾಗಿ ನಿಲ್ಲುವುದೇ? ಸಾಧ್ಯವಿಲ್ಲ!

ಲಿಂಗಸುಗೂರಿನ ದರ್ಜಿಗಳೆಲ್ಲ ಅತ್ತೆಗೆ ಪರಿಚಯ. ಗುಟ್ಟು ಉಳಿಯಲೆಂದು ಬಸ್ ಹತ್ತಿ ಮಸ್ಕಿಗೆ ಹೋದೆ. ಖಾದರ್ ಚಾಚಾ ಎಂಬ ದರ್ಜಿಗೆ ಫೋಟೊ ತೋರಿಸಿ, ಅಳತೆಗೆಂದು ಹಳದಿ ಅಂಗಿ ಕೊಟ್ಟೆ.

"ಇದ ಛಲೋ ಐತಲ್ಲಮ್ಮಾ, ಮಂದ್ಯಾಗ ಎದ್ದು ಕಾಣ್ತೈತಿ," ಎಂದರು.

"ಕಾಣಬಾರದು ಅಂತನ ಹೊಲಿಸಾಕತ್ತೀನ್ರಿ ಚಾಚಾ."

ನೀಲಿ ಅಂಗಿ ಅಚ್ಚುಕಟ್ಟಾಗಿ ತಯಾರಾಯಿತು. ಹಳದಿಯದು ಚಾಚಾನ ಅಂಗಡಿಯ ಗೂಟದಲ್ಲೇ ಉಳಿಯಿತು. ಇನ್ನು ಅದು ಯಾರಿಗೆ ಬೇಕು?

ಪಂದ್ಯದ ಸಂಜೆ ಸಾಲಗುಂದ, ಮುಕ್ಕುಂದದ ಕಡೆಯಿಂದ ಟ್ರ್ಯಾಕ್ಟರ್ ತುಂಬಿ ಜನ ಬಂದಿದ್ದರು. ಅತ್ತೆಯ ಪಕ್ಕದಲ್ಲಿ ನಾನು ತುಸು ಗರ್ವದಿಂದ ಕುಳಿತಿದ್ದೆ. ಇವರು ನಾನೇ ತುಂಬಿಕೊಟ್ಟಿದ್ದ ಚೀಲ ತೆರೆದರು. ಕೈಹಾಕಿ ಹುಡುಕಿದರು. ಚೀಲವನ್ನು ಬೋರಲು ಹಾಕಿದರು. ನೇರ ನನ್ನ ಬಳಿ ಬಂದರು.

"ನನ್ನ ಹಳದಿ ಅಂಗಿ ಎಲ್ಲೈತಿ?"

"ಅದಿನ್ನ ಬ್ಯಾಡ ಬಿಡ್ರಿ. ಇವತ್ತಿಂದ ನೀವೂ ಎಲ್ಲಾರ ಹಂಗ ಅದೀರಿ."

ಇವರು ತಲೆಯ ಮೇಲೆ ಕೈ ಹೊತ್ತುಕೊಂಡರು. "ನನ್ನವ್ವಾ! ನಾ ಲಿಬೆರೊ ಅದೀನಿ. ಹಿಂದ ನಿಂತು ಬೀಳೋ ಬಾಲ್ ಎತ್ತಾಂವ. ಘಳಿಗಿಗೊಮ್ಮೆ ಒಳಗ ಹೋಗ್ತೀನಿ, ಹೊರಗ ಬರ್ತೀನಿ. ರೆಫ್ರಿಗೆ ಗುರ್ತು ಸಿಗಲಿ ಅಂತ ನನಗ ಬ್ಯಾರೆ ಬಣ್ಣ ಇರೋದು. ಅದು ಕಾನೂನು! ನೀಲಿ ಹಾಕ್ಕೊಂಡ್ರ ಒಳಗ ಬಿಡಂಗಿಲ್ಲ!"

"ಇನ್ನೊಂದು ಹಳದಿ ಇತ್ತಲ್ರಿ?"

"ಬಿದ್ದು ಬಿದ್ದು ಹರದೈತಿ."

"ಅದು ಮಸ್ಕ್ಯಾಗ ದರ್ಜಿ ಕಡೆ ಐತ್ರಿ," ಎಂದು ಒಪ್ಪಿಕೊಂಡು ಚಾಚಾಗೆ ಫೋನ್ ಮಾಡಿದೆ. "ಅಂಗಡಿ ಬಂದ್ ಮಾಡಿ ಮದುವಿಗೆ ಬಂದೀನಮ್ಮಾ. ಯಾಕ, ನೀಲಿ ಬಿಗಿ ಆತೇನು?"

ಅತ್ತೆ ಎದ್ದು ನಿಂತರು. "ಏ, ಯಾರರ ಬ್ಯಾರೆ ಬಣ್ಣದ ಅಂಗಿ ಕೊಡ್ರೆಪಾ! ನಮ್ಮ ಸೊಸಿ ನನ್ನ ಮಗನ ಅಂಗಿ ಮಸ್ಕ್ಯಾಗ ಬಿಟ್ಟು ಬಂದಾಳ!"

ಮೈಕಿನವರಿಗೆ ಅಷ್ಟೇ ಸಾಕಾಯಿತು. "ಗೌರವಾನ್ವಿತ ಪ್ರೇಕ್ಷಕರ ಗಮನಕ್ಕೆ! ಬಸವರಾಜ ಅವರ ಅಂಗಿಯನ್ನು ಅವರ ಶ್ರೀಮತಿಯವರು ಮಸ್ಕಿಯಲ್ಲಿ ಬಿಟ್ಟು ಬಂದಿರುವ ಕಾರಣ..." ಎಂದು ಎರಡು ಸಲ ಘೋಷಿಸಿದರು. ಮನೆಯಲ್ಲಿ ಜೋರಾಗಿ ಸೀನದವಳು ನಾನು!

ಕೊನೆಗೆ ಮಿರ್ಚಿ ಬಂಡಿಯವರು ತಮ್ಮ ಟೀ ಶರ್ಟ್ ಬಿಚ್ಚಿಕೊಟ್ಟರು. ಕೀಟನಾಶಕದ ಕಂಪನಿಯೊಂದು ಪುಕ್ಕಟೆ ಹಂಚಿದ್ದು. ಗಿಳಿಹಸಿರು. ಎದೆಯ ಮೇಲೆ ಅಂಗಾತ ಬಿದ್ದ ದಪ್ಪ ಹುಳ; ಬೆನ್ನ ಮೇಲೆ "ಒಂದನ್ನೂ ಬಿಡುವುದಿಲ್ಲ!" ಎಂಬ ಘೋಷಣೆ. ಕಪ್ಪು ಟೇಪಿನಿಂದ ಹಿಂದೆ ಮುಂದೆ ನಂಬರ್ ಅಂಟಿಸಿದರು. ರೆಫ್ರಿ ಹುಳವನ್ನು ಬಹಳ ಹೊತ್ತು ನೋಡಿ, "ಬಣ್ಣ ಬ್ಯಾರೆ ಐತಿ, ನಡೀರಿ" ಎಂದು ಸೀಟಿ ಊದಿದರು.

ಆ ಕಡೆಯಿಂದ ಬಂದ ಮೊದಲ ಹೊಡೆತಕ್ಕೇ ಇವರು ನೆಲಕ್ಕೆ ಹಾರಿ ಚೆಂಡು ಎತ್ತಿದರು. ಬೆನ್ನು ಓದಿದ ಜನ ಒಟ್ಟಿಗೆ ಕೂಗಿದರು: "ಒಂದನ್ನೂ ಬಿಡುವುದಿಲ್ಲ!" ಮತ್ತೆ ಎತ್ತಿದರು, ಮತ್ತೆ ಕೂಗಿದರು. ಮೊಣಕಾಲನ್ನು ಇವರು ಮರೆತೇಬಿಟ್ಟಿದ್ದರು. ಯಾವಳೋ ಒಬ್ಬಳು ನನ್ನ ಕಿವಿಯ ಹತ್ತಿರವೇ ನಾಚಿಕೆಯಿಲ್ಲದೆ ಕಿರುಚುತ್ತಿದ್ದಳು. ತಿರುಗಿ ನೋಡಿದೆ. ಅಲ್ಲಿ ಅಂಥವಳು ಯಾರೂ ಇರಲಿಲ್ಲ. ಅವಳು ನಾನೇ!

ತಂಡ ಸೋತಿತು. ಆದರೆ ಕೋಚ್ ನನ್ನ ಮುಂದೆಯೇ ಹೇಳಿದರು: "ಮುಂದಿನ ವರ್ಷವೂ ಇವರು ನಮ್ಮವರೇ. ಅಂಗಿ ಮಾತ್ರ ನಾವೇ ಜೋಪಾನ ಮಾಡ್ತೀವಿ ಮೇಡಂ."

ಊರಿಗೆ ಬಂದಾಗೆಲ್ಲ ಇವರು ಮನೆಯಲ್ಲಿ ಆ ನೀಲಿ ಅಂಗಿಯನ್ನೇ ತೊಡುತ್ತಾರೆ. "ಮನ್ಯಾಗರ ಎಲ್ಲಾರ ಹಂಗ ಇರ್ತೀನಿ," ಎನ್ನುತ್ತಾರೆ. ಅಳತೆ ಮಾತ್ರ ಬಹಳ ಸರಿಯಾಗಿದೆ. ಅತ್ತೆ ಬಂದವರಿಗೆಲ್ಲ ಗೋಡೆಯ ಫೋಟೊ ತೋರಿಸಿ ಲಿಬೆರೊ ಎಂದರೇನೆಂದು ವಿವರಿಸುತ್ತಾರೆ. ಕೊನೆಗೆ ನನ್ನತ್ತ ತಿರುಗಿ, "ಈಗ ನಮ್ಮ ಸೊಸಿಗೂ ಗೊತ್ತೈತ್ರಿ, ಭಾಳ ಓದ್ಯಾಳ," ಎಂದು ಮುಗಿಸುತ್ತಾರೆ.

ಆಟದ ಚೀಲಕ್ಕೆ ಈಗ ಒಂದು ಸಣ್ಣ ಬೀಗ ಬಂದಿದೆ. ಇವರು ಮನೆಯಲ್ಲಿರುವಷ್ಟು ದಿನ ಕೀಲಿಕೈ ಅತ್ತೆಯ ಸೊಂಟದಲ್ಲಿರುತ್ತದೆ.