ಕಂಪ್ಲಿಯ ಕಂಪ್ಯೂಟರಿಗೆ ಕಟ್ಟಿದ ನಿಂಬೆಹಣ್ಣು

ಹೊಸಪೇಟೆಯ ಚಿಕ್ಕ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ನಾನು ಚಹಾ ಮಾಡುತ್ತೇನೆ. ಅಲ್ಲಿ ನಗುವಂಥದ್ದೊಂದು ನಡೆಯದೆ ಲೋಟ ತೊಳೆದಿಟ್ಟ ದಿನವೇ ಇಲ್ಲ. ಎದುರಿಗೆ ನಗಲು ನನಗೆ ಸಂಕೋಚ, ಆದ್ದರಿಂದ ಬರೆಯುತ್ತಿದ್ದೇನೆ.

೧. ದೃಷ್ಟಿ

ಕಂಪ್ಲಿಯ ಅಕ್ಕಿ ಗಿರಣಿಯ ಸಾವ್ಕಾರರು ಹೊಸ ಕಂಪ್ಯೂಟರ್ ಕೊಂಡರು. ಅಂದಿನಿಂದ, ಭತ್ತದ ಟ್ರ್ಯಾಕ್ಟರ್ ತೂಕಕ್ಕೆ ನಿಂತೊಡನೆ ನಾವು ಕೊಟ್ಟ ಪ್ರೋಗ್ರಾಂ ತಾನಾಗಿಯೇ ಮುಚ್ಚಿಕೊಳ್ಳತೊಡಗಿತು. ಹೊಸದಾಗಿ ಸೇರಿದ್ದ ಇಂಜಿನಿಯರ್ ಹುಡುಗಿ ಫೋನಿನಲ್ಲಿ ಕೇಳಿದಳು:

"ಬಂದ್ ಮಾಡಿ ಚಾಲೂ ಮಾಡಿದ್ರೇನ್ರಿ?"

"ಮಾಡೀನಿ. ನಿಂಬೆಹಣ್ಣು, ಮೆಣಸಿನಕಾಯಿನೂ ಕಟ್ಟೀನಿ."

"ಎಲ್ಲಿಗ್ರೀ?"

"ಕಂಪ್ಯೂಟರಿಗೇ. ಮೊದ್ಲು ಬಾಗಿಲಿಗೆ ಕಟ್ಟಿದ್ದೆ. ಅಲ್ಲಿಂದ ಅದಕ್ಕ ಕಾಣಿಸ್ಲಿಲ್ಲೇನೋ!"

೨. ಅಳತೆ

ಮತ್ತೊಮ್ಮೆ ಹೀಗಾದರೆ ಬೇರೆಯವರ ಪ್ರೋಗ್ರಾಂ ಹಾಕಿಸುವೆನೆಂದು ಸಾವ್ಕಾರರು ಗದರಿದರು. "ಹಂಗಾದ್ರ ನೀನೂ ಮನೀಗೆ ಹೋಗು" ಎಂದು ನಮ್ಮ ಯಜಮಾನರು ಹುಡುಗಿಗೆ ಹೇಳಿಬಿಟ್ಟರು. ಅವಳು ಚಹಾ ಮುಟ್ಟಲಿಲ್ಲ. ಮಧ್ಯಾಹ್ನ ಮಾತ್ರ ನನ್ನ ಬಳಿ ಓಡಿಬಂದು, "ಸಿಕ್ತು ಅಕ್ಕಾ!" ಎಂದಳು.

ಇವರು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವುದು ಕಂಪೈಲರ್ ಅಂತೆ. ಯಾವ ಬಗೆಯ ಯಂತ್ರಕ್ಕೆ ಎಂಬ ಸೂಚನೆಯನ್ನು ಅದಕ್ಕೆ ಕೊಡಬೇಕಂತೆ. ನಮ್ಮಲ್ಲಿ ಇನ್ನೂ ಹಳೆಯ ಯಂತ್ರದ ಸೂಚನೆಯೇ ಉಳಿದಿತ್ತು.

"ನಿಮ್ಮ ಮದುವಿ ಅಳತಿಗೆ ಈಗ ರವಿಕೆ ಹೊಲಿಸಿದ್ರ ಏನಾಗತೈತಿ ಅಕ್ಕಾ?"

"ಉಸಿರು ಎಳಕೊಂಡ್ರ ಹರೀತೈತವ್ವ."

"ಟ್ರ್ಯಾಕ್ಟರ್ ಬಂದಾಗ ಅದೂ ಉಸಿರು ಎಳಕೊಳ್ಳತೈತಿ!"

೩. ಮುಟ್ಟಬಾರದ್ದು

ಯಜಮಾನರು ಒಪ್ಪಲಿಲ್ಲ. "ಆ ಸೂಚನೆ ನಮ್ಮ ಗುರುಗಳು ಹಾಕಿದ್ದು. ಯಾಕ ಅಂತ ನಂಗೂ ಗೊತ್ತಿಲ್ಲ. ಮುಟ್ಟಬ್ಯಾಡ" ಎಂದು, ತಾವೇ ನೋಡಲು ಹುಡುಗಿಯೊಡನೆ ಕಾರು ಹತ್ತಿದರು. ಕಂಪ್ಲಿ ನನ್ನ ತವರಾದ್ದರಿಂದ ನನ್ನನ್ನೂ ಕೂರಿಸಿಕೊಂಡರು.

ಗಿರಣಿಯ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಒಳಗೆ, ಬಾಡಿದ ನಿಂಬೆಹಣ್ಣು ಕಂಪ್ಯೂಟರಿನ ಪರದೆಯ ಮೇಲೆ ಜೋತಾಡುತ್ತಿತ್ತು.

"ಇದನ್ನ ತೆಗೀರಿ ಸಾವ್ಕಾರ್ರ, ಇದರಿಂದ ಏನು ಉಪಯೋಗ?" ಎಂದರು ಯಜಮಾನರು.

"ನಮ್ಮಜ್ಜನ ಕಾಲದಿಂದ ಕಟ್ಟತೀವ್ರಿ. ಯಾಕ ಅಂತ ನಂಗೂ ಗೊತ್ತಿಲ್ಲ. ಮುಟ್ಟಬ್ಯಾಡ್ರಿ."

ಹುಡುಗಿ ನನ್ನ ಮುಖ ನೋಡಿದಳು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಯಜಮಾನರ ಕಿವಿ ಕೆಂಪಾಯಿತು. ಮೆಲ್ಲಗೆ, "ನಮ್ಮ ಹಳೇ ಸೂಚನೆ ತೆಗದುಬಿಡವ್ವ" ಎಂದರು.

ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ತೆಗೆದು, ಪ್ರೋಗ್ರಾಂ ಹೊಸದಾಗಿ ಸಿದ್ಧಮಾಡಿ ಹಾಕಿದಳು. ಟ್ರ್ಯಾಕ್ಟರ್ ತೂಕದ ಕಟ್ಟೆ ಏರಿತು. ತೂಕ ಬಂತು, ಚೀಟಿಯೂ ಬಂತು. "ನಾಳೆ ಜಲ್ದಿ ಬಾ, ಕೆಲಸ ಐತಿ" ಎಂದು ಯಜಮಾನರು ಅವಳಿಗೆ ಹೇಳಿದಾಗ ನನಗೇ ಉಸಿರು ಬಂದಂತಾಯಿತು.

ಸಾವ್ಕಾರರು ಮಾತ್ರ ನಿಂಬೆಹಣ್ಣಿಗೆ ಕೈಮುಗಿದು ನಿಂತಿದ್ದರು. ಯಜಮಾನರ ಕಡೆ ತಿರುಗಿ ಅಂದರು:

"ನೋಡಿದ್ರೇನ್ರಿ ಇದರ ಉಪಯೋಗ? ನಿಮಗ ಬುದ್ಧಿ ಬರೂತನಕ ಬಿಡ್ಲಿಲ್ಲ!"