ಉಮ್ಮುಲ್ ಹವಾ ದ್ವೀಪ ಬಿದ್ದ ಬಗೆ

ಉಮ್ಮುಲ್ ಹವಾ ದ್ವೀಪವು ಪ್ರತಿವರ್ಷ ವಸಂತದ ಮೊದಲ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಶತ್ರುವಿನ ಕೈಯಿಂದ ಬಿಡುಗಡೆಯಾಗತಕ್ಕದ್ದು. ಇದು ಕಾಯಂ ಆದೇಶ. ಬಿಡುಗಡೆ ಮಾಡುವವರು ಹೆಲಿಕಾಪ್ಟರುಗಳಲ್ಲಿ ಬರುವ ನಮ್ಮ ಮರೀನ್ ಪಡೆಯವರು. ಶತ್ರುಗಳು ನಾವು. ಅಂದರೆ ಅದೇ ಪಡೆಯ, ಅದೇ ಸಮವಸ್ತ್ರದ, ಗುರುತಿಗೆಂದು ತೋಳಿಗೆ ಕೆಂಪು ಬಟ್ಟೆ ಕಟ್ಟಿಕೊಂಡ ಹನ್ನೊಂದು ಜನ.

ದ್ವೀಪದ ರಕ್ಷಣೆ ಬಲವಾಗಿದ್ದಷ್ಟೂ ಗೆದ್ದವರ ಪದಕ ದೊಡ್ಡದಾಗುತ್ತದೆ. ಆದ್ದರಿಂದ ದೊಡ್ಡ ಕಚೇರಿಯವರು ವರ್ಷ ವರ್ಷವೂ ನಮ್ಮ ರಕ್ಷಣೆಯನ್ನು ಬಲಪಡಿಸುತ್ತ ಬಂದಿದ್ದರು. ನಾನು ಬರುವ ಹೊತ್ತಿಗೆ ಕಾಗದದ ಮೇಲೆ ನಮ್ಮಲ್ಲಿ ಮೂರು ಬಟಾಲಿಯನ್, ಕ್ಷಿಪಣಿಗಳು, ಒಂದು ಜಲಾಂತರ್ಗಾಮಿ ಮತ್ತು ನೆಲಬಾಂಬುಗಳ ಬಯಲು ಇದ್ದವು. ಕಣ್ಣಿಗೆ ಕಾಣುವಂತೆ ಇದ್ದದ್ದು ತುಕ್ಕು ಹಿಡಿದ ಒಂದು ಫಿರಂಗಿ, ಆ ನೆಲಬಾಂಬುಗಳ ಬಯಲಿನಲ್ಲಿ ಮೇಯುವ ಮೇಕೆಗಳು, ಮತ್ತು ಬಯಲಿನ ಅಂಚಿನಲ್ಲಿ ನಾನು ಕಟ್ಟಿದ ಪಾರಿವಾಳದ ಗೂಡು.

ಗೂಡೆಂದರೆ ಸಾಮಾನ್ಯ ಗೂಡಲ್ಲ. ನಾನು ಮೀತ್ ರೈಹಾನ್ ಊರಿನ ರಿಫಾಯಿ. ನೈಲ್ ನದಿಯ ಬಯಲಿನಲ್ಲಿ ಪಾರಿವಾಳ ಸಾಕುವ ಯಾರನ್ನಾದರೂ ಕೇಳಿ, ಹೆಸರು ಹೇಳಿದರೆ ಸಾಕು, ಕುಳಿತವರು ಎದ್ದು ತಮ್ಮ ಹಕ್ಕಿ ಎಣಿಸಿಕೊಳ್ಳುತ್ತಾರೆ. ಊರಲ್ಲಿ ಮನೆಯ ಮಾಳಿಗೆ ಮೇಲೆ ಮರದ ಗೋಪುರ, ಅದರ ತುದಿಯಲ್ಲಿ ನಾನು, ಕೈಯಲ್ಲಿ ಉದ್ದ ಕೋಲಿನ ಬಾವುಟ. ಬಾವುಟ ಬೀಸುತ್ತಿರುವ ತನಕ ನನ್ನ ಹಿಂಡು ಮೇಲೆ ಸುತ್ತುತ್ತದೆ. ಬಾವುಟ ಇಳಿಸಿ ಒಂದು ಸಿಳ್ಳೆ ಹಾಕಿದರೆ ಕೆಳಗಿಳಿಯುತ್ತದೆ, ಇಳಿಯುವಾಗ ನೆರೆಯವರ ಹಿಂಡಿನಿಂದ ನಾಲ್ಕು ಹಕ್ಕಿಗಳನ್ನು ಮರುಳು ಮಾಡಿ ಜೊತೆಗೆ ಕರೆತರುತ್ತದೆ. ಯಾರ ಗೂಡಿಗೆ ಇಳಿಯಿತೋ ಹಕ್ಕಿ ಅವರದು. ಇದಕ್ಕೆ ಪೊಲೀಸೂ ಇಲ್ಲ, ಕೋರ್ಟೂ ಇಲ್ಲ. ಅಣ್ಣ ತಮ್ಮಂದಿರೂ ವಾಪಸು ಕೇಳುವುದಿಲ್ಲ.

ನಮ್ಮ ದ್ವೀಪದ ಮುಖ್ಯಸ್ಥರಾದ ಕರ್ನಲ್ ಶೌಕತ್ ಸಾಹೇಬರಿಗೆ ಹಸಿಗೋಧಿ ತುಂಬಿ ಹುರಿದ ಪಾರಿವಾಳವೆಂದರೆ ಪ್ರಾಣ. ಹಾಗಾಗಿ ದ್ವೀಪದಲ್ಲೂ ಅಂಥದೇ ಗೋಪುರದ ಗೂಡಿಗೆ ಮಂಜೂರಾತಿ ಸಿಕ್ಕಿತು. ದಾಖಲೆಯಲ್ಲಿ ಅದರ ಹೆಸರು ವಾಯುರಕ್ಷಣಾ ವೀಕ್ಷಣಾ ಗೋಪುರ.

ಈ ಸಲದ ಗುರುವಾರ ನನ್ನ ಮದುವೆ. ಹುಡುಗಿ ನಮ್ಮೂರಿನ ಹಾಜಿ ಬಯ್ಯೂಮಿಯವರ ಮಗಳು ಇನ್ಸಾಫ್. ರಜೆ ಸಿಗದೆ ಎರಡು ಸಲ ದಿನ ಮುಂದೂಡಿಯಾಗಿತ್ತು. ಮಾವನವರು ಫೋನಿನಲ್ಲಿ ಹೇಳಿದ್ದರು: "ನೋಡಪ್ಪಾ, ಗುರುವಾರ ಸಂಜೆ ಮದುಮಗನ ಕುರ್ಚಿ ಖಾಲಿ ಇದ್ರೆ ಐಸ್ ಕಾರ್ಖಾನೆ ಸಾಬಿರ್ ಬಂದು ಕೂತ್ಕೋತಾನೆ. ಅವನು ಸೂಟು ಹೊಲಿಸಿಯೂ ಆಗಿದೆ."

ಕರ್ನಲ್ ಸಾಹೇಬರ ಮುಂದೆ ನಿಂತೆ. ಅವರು ಮೂಳೆ ಚೀಪುತ್ತಲೇ ಹೇಳಿದರು: "ಹತ್ತು ಗಂಟೆಗೆ ಶಿಸ್ತಾಗಿ ಸೋತುಬಿಡು. ಖಾಲಿ ಹೆಲಿಕಾಪ್ಟರಲ್ಲಿ ನಿನ್ನನ್ನೇ ಊರಿಗೆ ಕಳಿಸ್ತೀನಿ. ಸೋಲೋದು ಗೊತ್ತಾ?"

"ಅಭ್ಯಾಸ ಇಲ್ಲ ಸಾಹೇಬ್ರೇ. ಕಲೀತೀನಿ."

"ಕಲಿಯೋಕೇನಿದೆ? ಕೈ ಮೇಲೆತ್ತಿ ನಿಂತ್ಕೋ, ಅಷ್ಟೇ."

ಗುರುವಾರ ಬೆಳಿಗ್ಗೆ ಗೋಪುರದ ಮೇಲೆ ಕೈ ಮೇಲೆತ್ತಿಯೇ ನಿಂತಿದ್ದೆ. ಕೈಯಲ್ಲಿ ಬಾವುಟ ಇದ್ದದ್ದು ನಿಜ, ಹಕ್ಕಿಗಳು ಮೇಲಿದ್ದವು. ಆಗ ಸಮುದ್ರದ ಕಡೆಯಿಂದ ನಾಲ್ಕು ಹೆಲಿಕಾಪ್ಟರುಗಳು ಬಂದವು. ಸುಮ್ಮನೆ ಮರಳದಂಡೆಗೆ ಇಳಿಯುವುದು ಬಿಟ್ಟು, ಎದೆ ಉಬ್ಬಿಸಿಕೊಂಡು, ನನ್ನ ಗೂಡಿನ ಮೇಲೆ, ನನ್ನ ಹಕ್ಕಿಗಳನ್ನು ಚದುರಿಸಿ, ಒಂದು ಸುತ್ತು ಹಾಕಿದವು. ರಿಫಾಯಿಯ ಗೂಡಿನ ಮೇಲೆ! ಮದುವೆ, ಸಾಬಿರ್, ಸೂಟು ಎಲ್ಲವೂ ತಲೆಯಲ್ಲಿ ಇದ್ದವು. ಕೈ ಮಾತ್ರ ತನ್ನ ಪಾಡಿಗೆ ಬಾವುಟ ಇಳಿಸಿತು. ಬಾಯಿ ಸಿಳ್ಳೆ ಹಾಕಿತು.

ಮುಂದಿನ ಹೆಲಿಕಾಪ್ಟರಿನಲ್ಲಿದ್ದ ಪೈಲಟ್ ಕ್ಯಾಪ್ಟನ್ ಬಹ್ಗತ್ ಕೈರೋದ ಹಳೇಕೇರಿಯವನು. ಮೂರು ತಲೆಮಾರಿನಿಂದ ಪಾರಿವಾಳದ ಮನೆತನ. ಬಾವುಟ ಇಳಿದದ್ದು ಕಂಡದ್ದೇ ತಡ, ಅವನ ಹೆಲಿಕಾಪ್ಟರ್ ಗೂಡಿನ ಮುಂದೆ ಇಳಿಯಿತು. ಹಿಂದಿನ ಮೂರೂ ಅದನ್ನು ನೋಡಿ ಇಳಿದವು. ಹಿಂಡೆಂದರೆ ಹಾಗೆ.

ಇಳಿದದ್ದು ನೆಲಬಾಂಬುಗಳ ಬಯಲಿನಲ್ಲಿ.

ಬಾಗಿಲು ತೆರೆದು ಮರೀನರು ಜಿಗಿಯಬೇಕು, ಅಷ್ಟರಲ್ಲಿ ಈ ಅಣಕು ಯುದ್ಧದ ತೀರ್ಪುಗಾರ ಮೇಜರ್ ಲಮ್ಲೂಮ್ ಧ್ವನಿವರ್ಧಕದಲ್ಲಿ ಕೂಗಿದರು: "ಯಾರೂ ಕಾಲಿಡಬಾರದು! ಕಾಲಿಟ್ಟವರು ಸತ್ತಂತೆ. ಸತ್ತವರಿಗೆ ಮಧ್ಯಾಹ್ನದ ಊಟ ಇರೋದಿಲ್ಲ!"

ಮರೀನರು ಶೂರರು, ಆದರೆ ಅಂದು ಊಟಕ್ಕೆ ಕುರಿಮಾಂಸವಿತ್ತು. ಎಲ್ಲರೂ ಕುಳಿತಲ್ಲೇ ಕುಳಿತರು. ಚಕ್ರಗಳ ನಡುವೆ ಮೇಕೆಗಳು ಮೇಯುತ್ತಿದ್ದವು. ಅವುಗಳ ಸಾವಿನ ಬಗ್ಗೆ ನಿಯಮಾವಳಿಯಲ್ಲಿ ಏನೂ ಹೇಳಿಲ್ಲ. ಸರಿಯಾಗಿ ಹತ್ತಕ್ಕೆ ರೇಡಿಯೊದಲ್ಲಿ ಸುದ್ದಿ ಬಂತು: "ಭಾರಿ ರಕ್ಷಣೆಯ ಉಮ್ಮುಲ್ ಹವಾ ದ್ವೀಪವನ್ನು ನಮ್ಮ ವೀರ ಮರೀನರು ಈಗಷ್ಟೇ ವಶಪಡಿಸಿಕೊಂಡಿದ್ದಾರೆ." ಹೆಲಿಕಾಪ್ಟರಿನೊಳಗಿಂದ ಕೆಲವರು ಚಪ್ಪಾಳೆ ತಟ್ಟಿದರು.

ಕರ್ನಲ್ ಸಾಹೇಬರು ಓಡಿಬಂದರು. "ಲೋ ದರಿದ್ರದವನೇ, ಸೋಲೋಕೂ ಯೋಗ್ಯತೆ ಇಲ್ವೇನೋ ನಿಂಗೆ? ಬಿಡೋ ಅವರನ್ನ!"

"ಬಿಡೋದಾ? ನನ್ನ ಗೂಡಿಗೆ ಇಳಿದಿವೆ ಸಾಹೇಬ್ರೇ. ಬಿಟ್ರೆ ಊರಲ್ಲಿ ಮುಖ ಹೇಗೆ ತೋರಿಸ್ಲಿ?"

"ಬಿಡದಿದ್ರೆ ಊರಿಗೇ ಹೋಗಲ್ವಲ್ಲೋ! ಮದುವೆ?"

ಇನ್ಸಾಫ್‌ಳ ಪಕ್ಕದ ಕುರ್ಚಿ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಬಹ್ಗತ್‌ನೇ ಕಿಟಕಿಯಿಂದ ತಲೆ ಹೊರಹಾಕಿದ: "ಅವನು ಬಿಟ್ರೂ ನಾವು ಹೋಗಲ್ಲ ಕರ್ನಲ್ ಬಾಷಾ. ಇಳಿದದ್ದು ಇಳಿದದ್ದೇ. ನಾವೀಗ ರಿಫಾಯಿ ಕಡೆಯೋರು. ಹಾರು ಅಂದ್ರೆ ಅವನಿಗೋಸ್ಕರ ಹಾರ್ತೀವಿ."

ಮೇಜರ್ ಲಮ್ಲೂಮ್ ನಿಯಮಾವಳಿಯನ್ನು ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ತಿರುವಿ ಹಾಕಿ ತೀರ್ಪು ಕೊಟ್ಟರು. ಪಾರಿವಾಳದ ಪದ್ಧತಿಯನ್ನು ನಿಷೇಧಿಸುವ ನಿಯಮ ಇಲ್ಲ, ಆದ್ದರಿಂದ ಮರೀನರು ರಿಫಾಯಿಯ ಸ್ವತ್ತು. ರೇಡಿಯೊ ಸುಳ್ಳು ಹೇಳುವಂತಿಲ್ಲ, ಆದ್ದರಿಂದ ದ್ವೀಪ ಬಿದ್ದಿದೆ. ಇನ್ನು ಬಾಕಿ ಇರುವುದು ದ್ವೀಪವನ್ನು ಬೀಳಿಸುವುದು ಮಾತ್ರ. ಆಚೆ ದಂಡೆಯ ಡೇರೆಯಲ್ಲಿ ದೊಡ್ಡ ಕಚೇರಿಯ ಮುಖ್ಯಸ್ಥರಾದ ದೊಡ್ಡ ಬಾಷಾ ದುರ್ಬೀನು ಹಿಡಿದು ಕಾಯುತ್ತಿದ್ದಾರೆ. ಮುಖ್ಯಭೂಮಿಯಿಂದ ಹೆಲಿಕಾಪ್ಟರಿನಲ್ಲಿ ಯಾರಾದರೂ ಬಂದು ಮರಳಿನಲ್ಲಿ ಧ್ವಜ ನೆಡಬೇಕು.

"ಯಾರು ಬರ್ತಾರ್ರೀ?" ಕರ್ನಲ್ ತಲೆ ಹಿಡಿದುಕೊಂಡರು. "ಇದ್ದಬದ್ದ ಮರೀನರೆಲ್ಲ ಇವನ ಗೂಡಲ್ಲಿ ಕೂತವ್ರೆ!"

"ಜನ ಇದ್ದಾರೆ ಸಾಹೇಬ್ರೇ," ಎಂದೆ. "ಬೆಳಿಗ್ಗೆಯಿಂದ ಬಟ್ಟೆ ಹಾಕ್ಕೊಂಡು ರೆಡಿ ಆಗಿ ಕೂತಿದ್ದಾರೆ."

ಫೋನ್ ಹಚ್ಚಿದೆ. "ಮಾವ, ದಿಬ್ಬಣ ಕರ್ಕೊಂಡು ಇಲ್ಲಿಗೇ ಬಂದ್ಬಿಡಿ. ಒಂದು ಸಣ್ಣ ದಾಳಿ ಮಾಡಬೇಕು."

ಮಾವನವರು ಕೇಳಿದರು: "ಊಟ ಯಾರ ಕಡೆಯದು?"

"ಪಡೆಯವರ ಕಡೆಯದು. ಕುರಿ."

"ಡೋಲಿನವರನ್ನೂ ಕರ್ಕೊಂಡು ಬರ್ತೀನಿ. ಸಾಬಿರ್ ಕೇಳಿದ್ರೆ ಏನನ್ಲಿ?"

"ಹೆಲಿಕಾಪ್ಟರಲ್ಲಿ ಜಾಗ ಇಲ್ಲ ಅನ್ನಿ."

ಬಯಲಿನಲ್ಲಿ ದಾರಿ ತೋರಿಸಿ ಮರೀನರನ್ನು ಒಬ್ಬೊಬ್ಬರನ್ನಾಗಿ ಹೊರಗೆ ತಂದೆ. ಮೇಕೆ ಮೇಯ್ದ ಜಾಗದಲ್ಲಷ್ಟೇ ಹೆಜ್ಜೆ ಇಡುವಂತೆ ಮೇಜರ್ ಸಾಹೇಬರ ಸೂಚನೆ. ಖಾಲಿ ಹೆಲಿಕಾಪ್ಟರುಗಳು ಮೀತ್ ರೈಹಾನಿಗೆ ಹಾರಿದವು. ಅವು ಬರುವುದರೊಳಗೆ ಮೇಜರ್ ಲಮ್ಲೂಮ್ ಪ್ರಕಟಣೆ ಹೊರಡಿಸಿದರು:

"ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಇಂದಿನ ಕಾರ್ಯಾಚರಣೆಯ ಮಟ್ಟಿಗೆ ಮರೀನ್ ಎಂದರೆ ಹೆಲಿಕಾಪ್ಟರಿನಿಂದ ಮರಳಿಗೆ ಇಳಿಯುವ ಯಾವುದೇ ವ್ಯಕ್ತಿ. ವಯಸ್ಸು, ಲಿಂಗ ಮತ್ತು ಚಪ್ಪಲಿಯ ಹಿಮ್ಮಡಿಯ ಎತ್ತರವನ್ನು ಪರಿಗಣಿಸತಕ್ಕದ್ದಲ್ಲ. ಹೆಂಗಸರು ನಾಲಿಗೆ ಆಡಿಸಿ ಹಾಕುವ ಮಂಗಳದ ಕೂಗನ್ನು ಗುಂಡಿನ ಸದ್ದು ಎಂದೂ, ಡೋಲನ್ನು ಫಿರಂಗಿ ಎಂದೂ ಭಾವಿಸತಕ್ಕದ್ದು."

ಮಧ್ಯಾಹ್ನದ ಹೊತ್ತಿಗೆ ದಾಳಿ ನಡೆಯಿತು. ಮೊದಲ ಹೆಲಿಕಾಪ್ಟರಿನಿಂದ ಇನ್ಸಾಫ್‌ಳ ಚಿಕ್ಕಮ್ಮಂದಿರು ಇಳಿದರು. ಅವರ ಗುಂಡಿನ ಸುರಿಮಳೆಗೆ ನಮ್ಮ ಮೂರು ಬಟಾಲಿಯನ್‌ಗಳು ಅಲ್ಲೇ ನೆಲಕಚ್ಚಿದವು ಎಂದು ತೀರ್ಪುಗಾರರು ಘೋಷಿಸಿದರು. ನನ್ನ ಅತ್ತೆ ಅನ್ನದ ದೊಡ್ಡ ಹರಿವಾಣವನ್ನು ಫಿರಂಗಿಯ ಮೇಲಿಟ್ಟು ಅದನ್ನು ನಿಷ್ಕ್ರಿಯಗೊಳಿಸಿದರು. ಜಲಾಂತರ್ಗಾಮಿ ಮಾತ್ರ ಕೊನೆಯವರೆಗೂ ಶರಣಾಗಲಿಲ್ಲ. ಅದು ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

"ಇಲ್ಲಿ ಶತ್ರು ಯಾರು?" ಎಂದು ಮಾವನವರು ಕೇಳಿದರು. ಮೇಜರ್ ನನ್ನತ್ತ ಬೆರಳು ತೋರಿಸಿದರು. "ನನಗೆ ಮೊದಲೇ ಅನುಮಾನ ಇತ್ತು," ಎಂದರು ಮಾವ.

ಧ್ವಜ ನೆಟ್ಟವಳು ಇನ್ಸಾಫ್. ಬಿಳಿ ಗೌನನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೋಲು ಒತ್ತಿದಳು. ದೊಡ್ಡ ಬಾಷಾ ದುರ್ಬೀನಿನಲ್ಲಿ ನೋಡಿ, ಮರೀನರ ಹೊಸ ಸಮವಸ್ತ್ರ ದೂರದಿಂದಲೂ ಚೆನ್ನಾಗಿ ಕಾಣುತ್ತದೆ ಎಂದು ಮೆಚ್ಚುಗೆ ಕಳಿಸಿದರು.

ಆಗ ಮೇಜರ್ ಲಮ್ಲೂಮ್ ಮತ್ತೆ ಪುಟ ತಿರುವಿದರು. ಶತ್ರುಸೈನಿಕನು ಧ್ವಜ ನೆಟ್ಟವರ ಯುದ್ಧಕೈದಿ. ಕೈದಿಗೆ ರಜೆ ಇಲ್ಲ. ನಿಕಾಹ್ ಓದಿಸಲು ಬಂದಿದ್ದ ಹಿರಿಯರೂ ಗಡ್ಡ ನೀವಿಕೊಂಡರು: "ಕೈದಿ ಒಪ್ಪಿಗೆ ಕೊಡೋದು ಹೇಗೆ? ಅವನಿಗೆ ಸ್ವಂತ ಇಚ್ಛೆ ಇರ್ಬೇಕಲ್ಲ."

"ಕೈದಿ ತನ್ನ ಹೆಸರು, ದರ್ಜೆ, ಸಂಖ್ಯೆ ಹೇಳಿದರೆ ಸಾಕು," ಎಂದರು ಮೇಜರ್. "ಅದಕ್ಕಿಂತ ಹೆಚ್ಚು ಬಾಯಿ ಬಿಡಿಸುವುದು ಕಾನೂನುಬಾಹಿರ."

"ಹೆಸರು, ದರ್ಜೆ, ಸಂಖ್ಯೆ ಹೇಳಿದ ಅಂದ್ರೆ ಒಪ್ಪಿದ ಅಂತಲೇ ಬರ್ಕೊಳ್ಳಿ," ಎಂದಳು ಇನ್ಸಾಫ್.

ಹೇಳಿದೆ. ಮೂರನ್ನೂ ಗಟ್ಟಿಯಾಗಿ, ಊರಲ್ಲಿರುವ ಸಾಬಿರ್‌ಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ. ಮದುವೆ ಆಯಿತು. ಕುರಿಮಾಂಸ ಸಾಲಲಿಲ್ಲ, ಹಾಗಾಗಿ ಮರೀನರು ಬಡಿಸಿದರು, ನಾವು ಉಂಡೆವು.

ಕಾಯಂ ಆದೇಶವನ್ನು ಈಗ ತಿದ್ದಲಾಗಿದೆ. ಭಾರಿ ರಕ್ಷಣೆಯ ದ್ವೀಪಗಳ ಮೇಲಿನ ಹೆಲಿಕಾಪ್ಟರ್ ದಾಳಿಯನ್ನು ಮದುವೆ ದಿಬ್ಬಣದವರೇ ನಡೆಸತಕ್ಕದ್ದು. ಮುಂದಿನ ವರ್ಷಗಳ ಸರದಿಗೆ ಹೆಸರು ಬರೆಸಲು ಎರಡು ಕಡೆಯ ಬೀಗರೂ ಒಟ್ಟಿಗೆ ಹಾಜರಾಗಬೇಕು. ಮರೀನರು ತೋಳಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ದ್ವೀಪದಲ್ಲೇ ಇದ್ದಾರೆ. ಅವರನ್ನು ಬಿಡುಗಡೆ ಮಾಡುವ ಅಧಿಕಾರ ನನ್ನೊಬ್ಬನದು, ಆದರೆ ಕೈದಿಯ ಸಹಿ ಕಚೇರಿಯಲ್ಲಿ ನಡೆಯುವುದಿಲ್ಲ.

ನಾನು ಮೀತ್ ರೈಹಾನಿನಲ್ಲಿ, ಸೆರೆ ಹಿಡಿದವಳ ಮನೆಯಲ್ಲಿ ಇದ್ದೇನೆ. ಮಾವನವರ ಎಮ್ಮೆಗಳ ಹಾಲು ಕರೆಯುತ್ತೇನೆ, ಈ ಸೀಮೆಯಲ್ಲಿ ನನ್ನಷ್ಟು ವೇಗವಾಗಿ ಕರೆಯುವವರು ಇನ್ನೊಬ್ಬರಿಲ್ಲ. ಹೋದ ವಾರ ಕರ್ನಲ್ ಶೌಕತ್ ಸಾಹೇಬರೇ ಬಂದು ಕೈಮುಗಿದರು: "ಅಮ್ಮಾ ಇನ್ಸಾಫ್, ದ್ವೀಪದಲ್ಲಿ ಬಾಯಿಗೆ ರುಚಿಯಾಗಿ ಏನೂ ಸಿಗ್ತಿಲ್ಲ. ಇವನನ್ನ ಯಾವಾಗ ಬಿಡ್ತೀಯಾ?"

"ಶಾಂತಿ ಒಪ್ಪಂದ ಆಗ್ಲಿ, ನೋಡೋಣ," ಎಂದಳು ಅವಳು.

ಸಾಹೇಬರು ಸೆಲ್ಯೂಟ್ ಹೊಡೆದರು. ದ್ವೀಪ ಗೆದ್ದವಳು ಅವಳು, ಅದು ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ನಾನು ಇಬ್ಬರಿಗೂ ಚಹಾ ಕಾಸಲು ಒಳಗೆ ಹೋದೆ.