ಕೋರ್ಸು ಮುಗಿಯುವ ಮುನ್ನವೇ ಕೆಲಸಕ್ಕೆ ಸೇರುವ ಅಶಿಸ್ತಿನ ಕುರಿತು

ಸಮುದಾಯ ಕಾಲೇಜು, ಪ್ರಾಂಶುಪಾಲರ ಕಚೇರಿ
ಸಂಖ್ಯೆ: ಸಕಾ/ಹಾಜರಿ/ಅಶಿಸ್ತು/೧೧೭

ವಿಷಯ: ವಿದ್ಯಾರ್ಥಿಗಳು ಅವಧಿಗೆ ಮುನ್ನ ಉದ್ಯೋಗ ಪಡೆಯುತ್ತಿರುವ ಬಗ್ಗೆ.
ಉಲ್ಲೇಖ: "ಎಲ್ಲರಿಗೂ ಶಿಕ್ಷಣ, ಪ್ರತಿ ಕೈಗೂ ಕೆಲಸ" ಎಂಬ ಕಾಲೇಜಿನ ಗೋಡೆಬರಹ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಹಿಂದೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ, ಈಗ ಎಲ್ಲರೂ "ಬೆಸುಗೆ ಅಕ್ಕ" ಎಂದು ಕರೆಯುವ ಸಂಜೆ ತರಗತಿಯ ವಿದ್ಯಾರ್ಥಿನಿಯು, ಅನುಮತಿ ಪಡೆಯದೆ ಬಸ್ ಡಿಪೋದಲ್ಲಿ ಬೆಸುಗೆ ಕೆಲಸಕ್ಕೆ ಸೇರಿರುವುದು ಗಮನಕ್ಕೆ ಬಂದಿರುತ್ತದೆ. ಪ್ರಮಾಣಪತ್ರ ತಂದರೆ ಕೆಲಸ ಖಾಯಂ, ತರದಿದ್ದರೆ ಇಲ್ಲ ಎಂದು ಡಿಪೋದವರು ತಿಳಿಸಿರುತ್ತಾರೆ. ಪ್ರಮಾಣಪತ್ರಕ್ಕೆ ಕಡ್ಡಾಯವಾದ "ಕೆಲಸ ಹುಡುಕುವುದು ಹೇಗೆ" ಎಂಬ ಹಗಲಿನ ತರಗತಿಗೆ ಸದರಿಯವರು ಸತತ ಗೈರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಕಾದು ನೋಡಲಾಯಿತು. ಬರಲಿಲ್ಲ.

ಕಾರಣ ಕೇಳಲಾಗಿ, "ಸಿಕ್ಕಿರೋ ಕೆಲ್ಸ ಬಿಟ್ಟು ಕೆಲ್ಸ ಹುಡುಕೋದು ಕಲಿಯೋಕೆ ಬರ್ಲಾ ಸಾರ್? ಅನ್ನ ಬೆಂದ್ಮೇಲೆ ಒಲೆ ಹಚ್ಚೋದು ಹೇಳ್ಕೊಡ್ತೀರಲ್ಲ!" ಎಂದು ಮೌಖಿಕವಾಗಿ ಉತ್ತರಿಸಿರುತ್ತಾರೆ. ಉತ್ತರವು ಸರಿಯಾಗಿದ್ದರೂ ನಿಗದಿತ ನಮೂನೆಯಲ್ಲಿಲ್ಲ. ಆದ್ದರಿಂದ ಎಲ್ಲರಿಗೂ ಈ ಕೆಳಗಿನಂತೆ ಸೂಚಿಸಲಾಗಿದೆ.

೧. ಕೋರ್ಸು ಮುಗಿಯುವವರೆಗೆ ಯಾವ ವಿದ್ಯಾರ್ಥಿಯೂ ಉದ್ಯೋಗಕ್ಕೆ ಅರ್ಹರಾಗತಕ್ಕದ್ದಲ್ಲ.

೨. ಪಾಠಕ್ಕಿಂತ ಮುಂಚೆ ಕಲಿತುಬಿಟ್ಟವರು, ಆ ಪಾಠ ಬರುವವರೆಗೆ ಕಲಿತದ್ದನ್ನು ತೋರ್ಪಡಿಸಬಾರದು. ಅಕ್ಕನವರು ಮನೆಯಲ್ಲಿ ಅತ್ತೆಯ ಮಂಚದ ಕಾಲಿಗೆ ಬೆಸುಗೆ ಹಾಕಿರುವ ಬಗ್ಗೆಯೂ ದೂರು ಬಂದಿದೆ (ದೂರು ಅತ್ತೆಯವರದ್ದಲ್ಲ). ಬೆಸುಗೆ ಬೋಧಕರನ್ನು ವಿಚಾರಿಸಲಾಗಿ, "ಹೇಳ್ಕೊಟ್ಟಿದ್ದು ಅವಳ ಕೈಗೆ ಹತ್ತಿಬಿಡ್ತು, ನಾನೇನ್ ಮಾಡ್ಲಿ?" ಎಂದು ಬೇಜವಾಬ್ದಾರಿಯಿಂದ ನುಡಿದಿರುತ್ತಾರೆ.

೩. ಕೆಲಸವು ತಾನಾಗಿಯೇ ಹುಡುಕಿಕೊಂಡು ಬಂದಲ್ಲಿ, ಅದನ್ನು ಗೇಟಿನ ಹೊರಗೆ ಕಾಯಿಸತಕ್ಕದ್ದು.

೪. ಕಾಲೇಜಿನ ಬಾಗಿಲು ಎಲ್ಲರಿಗೂ ತೆರೆದಿದೆ. ಹೊರಹೋಗುವ ಬಗ್ಗೆ ಗೋಡೆಬರಹದಲ್ಲಿ ಪ್ರಸ್ತಾಪವಿಲ್ಲ.

೫. ಉದ್ಯೋಗ ನೆರವು ಘಟಕದ ಸೌಲಭ್ಯವು ನಿರುದ್ಯೋಗಿಗಳಿಗೆ ಮಾತ್ರ. ಈಗಾಗಲೇ ಉದ್ಯೋಗದಲ್ಲಿರುವ ನತದೃಷ್ಟರು ರಾಜೀನಾಮೆ ಕೊಟ್ಟು ಇದರ ಪ್ರಯೋಜನ ಪಡೆಯಬಹುದಾಗಿದೆ. ಪ್ರಮಾಣಪತ್ರದ ಆಸೆಯಿಂದ ಅಕ್ಕನವರು ನಿನ್ನೆ ಡಿಪೋಗೆ ರಾಜೀನಾಮೆ ಸಲ್ಲಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಮೊದಲ ಬೆಂಚಿನಲ್ಲಿ ಕುಳಿತಿದ್ದು, ಹಾಜರಿಯಲ್ಲಿ ತೃಪ್ತಿಕರ ಸುಧಾರಣೆ ಕಂಡುಬಂದಿದೆ.

೬. "ಕೆಲಸ ಹುಡುಕುವುದು ಹೇಗೆ" ತರಗತಿಯ ಬೋಧಕರಿಗೆ ಬೇರೆಡೆ ಕೆಲಸ ಸಿಕ್ಕಿ ಅವರು ಹೊರಟುಹೋಗಿರುವುದರಿಂದ, ಮುಂದಿನ ಆದೇಶದವರೆಗೆ ವಿದ್ಯಾರ್ಥಿಗಳು ಕಪ್ಪುಹಲಗೆಯನ್ನು ನೋಡುತ್ತಾ ಕುಳಿತಿರತಕ್ಕದ್ದು.

ಇದನ್ನು ಪಾಲಿಸಲು ತಪ್ಪಿ ಯಾರಾದರೂ ಉದ್ಧಾರವಾದಲ್ಲಿ ಕಾಲೇಜು ಹೊಣೆಯಲ್ಲ.

ಸಹಿ/-
ಪ್ರಭಾರ ಪ್ರಾಂಶುಪಾಲರು

ಪ್ರತಿಗಳು:
೧. ಬೆಸುಗೆ ಬೋಧಕರಿಗೆ, ಇನ್ನು ಮುಂದೆ ತುಸು ಅರ್ಥವಾಗದಂತೆ ಕಲಿಸುವ ಸೂಚನೆಯೊಂದಿಗೆ.
೨. ಗೇಟಿನ ಕಾವಲುಗಾರರಿಗೆ, ಕ್ರಮಾಂಕ ೩ರ ಸಲುವಾಗಿ ಬೆಂಚು ಹಾಕಿಸಲು.
೩. ಬಸ್ ಡಿಪೋ ವ್ಯವಸ್ಥಾಪಕರಿಗೆ. ಬೆಸುಗೆ ಬಲ್ಲವರೊಬ್ಬರು ತುರ್ತಾಗಿ ಬೇಕೆಂದು ಇಂದು ಬೆಳಗ್ಗೆ ತಾವು ಬರೆದ ಪತ್ರ ತಲುಪಿದೆ. ಅಂಥವರು ಸದ್ಯ ನಮ್ಮಲ್ಲಿ ಯಾರೂ ಇಲ್ಲವೆಂದು ವಿಷಾದದಿಂದ ತಿಳಿಸಲಾಗಿದೆ.